ಇಬಿದುನ್ನಿ ಕಂಡ ಮೇಲಿನ ಗೆರೆ

ನೈಜೀರಿಯಾದ ಇಬಾದಾನಿನ ನಮ್ಮ ಪ್ರಯೋಗಶಾಲೆಯಲ್ಲಿ ಇಬಿದುನ್ನಿ ಓಯೆಲಾರನ್ ಹತ್ತೊಂಬತ್ತು ವರ್ಷದಿಂದ ತಂತ್ರಜ್ಞೆ. ಓದಿದ್ದು ಡಿಪ್ಲೊಮಾ ಮಾತ್ರ. ನನ್ನ ಪಕ್ಕದ ಮೇಜು ಅವಳದು.

ಆ ವರ್ಷ ಡಾಕ್ಟರ್ ಫಸಾನ್ಮಿ ಮುಖ್ಯಸ್ಥರಾಗಿ ಬಂದರು. ದೇಹ ಒತ್ತಡಕ್ಕೆ ಸಿಕ್ಕಾಗ ಉಕ್ಕುವ ಹಾರ್ಮೋನನ್ನು ಜೀವಕೋಶದೊಳಗಿನ ಒಂದು ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಹಿಡಿದು ಕೋಶಕೇಂದ್ರಕ್ಕೆ ಹೋಗಿ ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಆ ಗ್ರಾಹಕ ಪ್ರೋಟೀನೇ ಅವರ ಸಂಶೋಧನೆ. ಕೋಶ ಒಡೆದು, ಅದರ ಪ್ರೋಟೀನುಗಳನ್ನು ಜೆಲ್ ಎಂಬ ಲೋಳೆಹಾಳೆಯಲ್ಲಿ ವಿದ್ಯುತ್ತಿನಿಂದ ಮೇಲಿಂದ ಕೆಳಗೆ ಓಡಿಸಿ, ಗ್ರಾಹಕವನ್ನು ಫಿಲ್ಮಿನ ಮೇಲೆ ಕಪ್ಪು ಗೆರೆಯಾಗಿ ಕಾಣಿಸುವುದು ಇಬಿದುನ್ನಿಯ ಕೆಲಸ.

ವಿದ್ಯಾರ್ಥಿಗಳು ಮಾಡಿದಾಗ ಒಂದೇ ಗೆರೆ. ಇವಳು ಮಾಡಿದರೆ, ಹಾರ್ಮೋನ್ ಕೊಟ್ಟ ಕೋಶಗಳಲ್ಲಿ ಎರಡು.

"ಏನ್ ಆಂಟಿ, ಆ ಮೇಲಿನ ಗೆರೆ ಬರೀ ಕೊಳೆ. ಇಷ್ಟು ವರ್ಷ ಆದ್ರೂ ಕೈ ಶುದ್ಧ ಆಗ್ಲಿಲ್ವಾ?" ಎಂದರು ಫಸಾನ್ಮಿ, ಎಲ್ಲರೆದುರಿಗೆ.

"ನನ್ನ ಕೈ ಶುದ್ಧವಾಗೇ ಇದೆ ಸಾರ್. ನಿಮ್ಮ ಶಿಷ್ಯರು ಕೋಶ ಒಡ್ದಿಟ್ಟು ಅಮಲಾ ಮುದ್ದೆ ತಿನ್ನೋಕೆ ಹೋಗ್ತಾರೆ. ನಾನು ಐಸ್ ಮುಂದಿಂದ ಏಳಲ್ಲ."

"ಸರಿ, ಇನ್ಮೇಲೆ ಜೆಲ್ ಅವರೇ ಮಾಡ್ಲಿ. ನೀವು ಗಾಜು ತೊಳೀರಿ."

ಎರಡು ವಾರ ತೊಳೆದಳು. ಮಧ್ಯಾಹ್ನ ನಮ್ಮೊಡನೆ ಊಟಕ್ಕೆ ಬರುವುದನ್ನೂ ಬಿಟ್ಟು, ಗ್ರಂಥಾಲಯದಲ್ಲಿ ಹಳೆಯ ಲೇಖನಗಳನ್ನು ಓದತೊಡಗಿದಳು. ಪ್ರೋಟೀನ್ ತಯಾರಾದ ಮೇಲೂ ಅದಕ್ಕೆ ಫಾಸ್ಫೇಟ್ ಅಂಟಬಹುದು. ಅಂಟಿದ್ದು ಜೆಲ್‌ನಲ್ಲಿ ನಿಧಾನವಾಗಿ ಇಳಿದು ಮೇಲೆಯೇ ಉಳಿಯುತ್ತದೆ. ಒಡೆದ ಕೋಶವನ್ನು ಐಸ್‌ನಲ್ಲಿಡದೆ ಸುಮ್ಮನೆ ಬಿಟ್ಟರೆ ಅದರದೇ ಕಿಣ್ವಗಳು ಫಾಸ್ಫೇಟನ್ನು ಕಿತ್ತುಹಾಕುತ್ತವೆ.

"ನನ್ನ ಮೇಜಲ್ಲಿ ಈಗ ಆ ಹುಡುಗ್ರು ಜೆಲ್ ಮಾಡ್ತಾರೆ. ನಿನ್ನದು ನಾಲ್ಕು ದಿನ ಕೊಡೇ. ಯಾರಿಗೂ ಹೇಳ್ಬೇಡ," ಎಂದಳು ನನಗೆ.

ಒಂದೇ ಮಾದರಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಫಾಸ್ಫೇಟ್ ಕೀಳುವ ಕಿಣ್ವ ಹಾಕಿದಳು. ಆ ಪಾಲಿನಲ್ಲಿ ಮೇಲಿನ ಗೆರೆ ಮಾಯವಾಗಿ ಕೆಳಗಿನದು ದಪ್ಪವಾಯಿತು. ಇನ್ನೊಂದರಲ್ಲಿ ಎರಡೂ ಹಾಗೇ ಇದ್ದವು. ಕೊಳೆಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಅವಳು ತಂದುಕೊಟ್ಟ ಫಿಲ್ಮನ್ನು ಫಸಾನ್ಮಿ ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇನ್ನೊಂದ್ಸಲ ಮಾಡಿದ್ರೂ ಹೀಗೇ ಬರುತ್ತಾ?"

"ಮೂರು ಸಲ ಮಾಡಿದೀನಿ," ಎಂದು ಉಳಿದ ಎರಡು ಫಿಲ್ಮುಗಳನ್ನೂ ಮುಂದಿಟ್ಟಳು.

ಅವರು ಅದೇ ವಿದ್ಯಾರ್ಥಿಗಳ ಎದುರು ಬಗ್ಗಿ, ಹಿರಿಯರಿಗೆ ಮಾಡುವಂತೆ ನೆಲ ಮುಟ್ಟಿದರು. "ತಪ್ಪಾಯ್ತು ಆಂಟಿ."

"ಏಳಿ ಸಾರ್. ಮೊದ್ಲು ಆ ಹುಡುಗ್ರಿಗೆ ಐಸ್ ತರಿಸಿಕೊಡಿ."

ಫಾಸ್ಫೇಟ್ ಅಂಟಿದ ಗ್ರಾಹಕ ಯಾವ ಜೀನುಗಳನ್ನು ಹೆಚ್ಚು ಎಬ್ಬಿಸುತ್ತದೆ ಎಂಬುದೇ ಮುಂದಿನ ಮೂರು ವರ್ಷ ನಮ್ಮೆಲ್ಲರ ಕೆಲಸವಾಯಿತು. ಲೇಖನ ಅಚ್ಚಾದಾಗ ಅವಳ ಹೆಸರು ಎರಡನೆಯದಾಗಿ ಬಂತು, ಒಂದಕ್ಷರ ತಪ್ಪಾಗಿ. ಪತ್ರಿಕೆಯವರು ತಿದ್ದುಪಡಿ ಹಾಕುವವರೆಗೂ ಇಬಿದುನ್ನಿ ಬಿಡಲಿಲ್ಲ.