ಹತ್ತಿ ನೆನೆಯಲು ಹತ್ತು ನಿಮಿಷ

ಚಿಮಟಕ್ಕೆ ಸಿಕ್ಕಿ ಹೊರಬಂದ ಹತ್ತಿಯ ಎಳೆ ನಡುವೆ ಕಪ್ಪಾಗಿದೆ, ಎರಡೂ ತುದಿಯಲ್ಲಿ ಇನ್ನೂ ಬೆಳ್ಳಗಿದೆ. ಫಹಮೀದಾ ನದಾಫ್ ಅದನ್ನು ದೀಪದ ಕೆಳಗೆ ಹಿಡಿದು ನೋಡುತ್ತಾರೆ, ಮೂಗಿನ ಹತ್ತಿರ ತಂದು ಮುಖ ಕಿವುಚುತ್ತಾರೆ, ಕಾಗದದ ಮೇಲಿಟ್ಟು ಪಕ್ಕಕ್ಕೆ ಸರಿಸುತ್ತಾರೆ. ಬೆಳಗಿನ ಆರೂಕಾಲು. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಎಲ್ಕ್ ಗ್ರೋವ್ ವಿಲೇಜ್‌ನ ಗೋದಾಮುಗಳಲ್ಲಿ ರಾತ್ರಿ ಪಾಳಿ ಮುಗಿಸಿದವರ ಕಾರುಗಳು ಅಂಗಡಿಯ ಮುಂದೆ ಬಂದು ನಿಲ್ಲುತ್ತಿವೆ. ಒಳಗೆ ಬರುವ ಮೂವರಲ್ಲಿ ಒಬ್ಬರದಾದರೂ ಇದೇ ದೂರು: ಇ-ಸಿಗರೇಟ್ ಎಳೆದರೆ ಸುಟ್ಟ ರುಚಿ.

“ಮೊನ್ನೆ ತಾನೇ ನೀವೇ ಮಾಡಿಕೊಟ್ರಿ ಆಂಟಿ. ಬಾಯೆಲ್ಲ ಇದ್ದಿಲು ತಿಂದಂಗಿದೆ,” ಎನ್ನುತ್ತಾರೆ ಕೇಶವ್. ಮೈಸೂರಿನವರು, ಪಕ್ಕದ ಡೇಟಾ ಸೆಂಟರ್‌ನಲ್ಲಿ ರಾತ್ರಿ ಕೆಲಸ, ವಯಸ್ಸು ನಲವತ್ತರ ಹತ್ತಿರ.

“ಮಾಡಿಕೊಟ್ಟಿದ್ದು ಖರೆ. ಹತ್ತು ನಿಮಿಷ ಬಿಡ್ರಿ ಅಂತನೂ ಹೇಳಿದ್ದೆ. ಬಿಟ್ರ್ಯಾ?”

“ಕಾರ್ ಸ್ಟಾರ್ಟ್ ಮಾಡೋ ತನಕ ಬಿಟ್ಟಿದ್ದೆ.”

“ಭಾಳ ಉಪಕಾರ ಆತು. ಕುಂದ್ರಿ ಅಲ್ಲಿ.”

ಅಲ್ಲಿ ಎಂದರೆ ಮೇಜಿನ ಪಕ್ಕದ ಮಡಚುವ ಕುರ್ಚಿ. ಸುಟ್ಟ ರುಚಿಯೆಂದು ಮರಳಿ ಬಂದವರೆಲ್ಲ ಅದರಲ್ಲಿ ಹತ್ತು ನಿಮಿಷ ಕೂರಲೇಬೇಕು. ಕೇಶವ್ ಕೂತು ಕಣ್ಣು ಮುಚ್ಚುತ್ತಾರೆ.

ಕೆಲಸ ನೋಡಲು ಸಣ್ಣದು. ಸಾಧನದೊಳಗೆ ಸುರುಳಿ ಸುತ್ತಿದ ಒಂದು ತಂತಿ, ಅದರ ನಡುವೆ ತೂರಿಸಿದ ಹತ್ತಿ. ಹತ್ತಿ ಜ್ಯೂಸ್, ಅಂದರೆ ನಿಕೋಟಿನ್ ಬೆರೆತ ಸಿಹಿ ದ್ರವ, ಕುಡಿಯಬೇಕು, ತಂತಿ ಕಾದು ಅದನ್ನು ಹಬೆ ಮಾಡಬೇಕು. ಹತ್ತಿ ಒಣಗಿದ್ದಾಗ ಎಳೆದರೆ ತಂತಿ ಹತ್ತಿಯನ್ನೇ ಸುಡುತ್ತದೆ. ಒಮ್ಮೆ ಸುಟ್ಟ ಹತ್ತಿಗೆ ಎಷ್ಟು ಜ್ಯೂಸ್ ಸುರಿದರೂ ಆ ರುಚಿ ಹೋಗುವುದಿಲ್ಲ, ತೆಗೆದು ಹೊಸದು ಹಾಕಬೇಕು. ಫಹಮೀದಾ ತಂತಿಯನ್ನು ತೊಳೆಯುತ್ತಾರೆ, ಹೊಸ ಎಳೆಯನ್ನು ಬೆರಳಲ್ಲಿ ಹೊಸೆದು ತೂರಿಸುತ್ತಾರೆ, ತುದಿ ಕತ್ತರಿಸುತ್ತಾರೆ, ಹನಿ ಹನಿಯಾಗಿ ನೆನೆಸುತ್ತಾರೆ, ವ್ಯಾಟ್ ಇಳಿಸುತ್ತಾರೆ. ಆಮೇಲೆ ಹತ್ತಿ ನೆನೆಯಲೆಂದು ಗಿರಾಕಿಯನ್ನು ಹತ್ತು ನಿಮಿಷ ಕೂರಿಸುತ್ತಾರೆ. “ಒಂದು ದಮ್ಮು ಎಳದ ಮ್ಯಾಲೆ ಇನ್ನೊಂದಕ್ಕ ಸ್ವಲ್ಪ ತಡೀಬೇಕ್ರಿ. ಹತ್ತಿಗೆ ಕುಡಿಯಾಕ ಟೈಮ್ ಕೊಡಬೇಕು. ಯಾರೂ ಕೊಡಂಗಿಲ್ಲ,” ಎನ್ನುತ್ತಾರೆ.

ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಸಾಧನ. ವಾರಕ್ಕೆ ಆರು ದಿನ. ಹನ್ನೊಂದು ವರ್ಷ. ಇಷ್ಟಾದರೂ ಅವರು ಒಂದನ್ನೂ ಬಾಯಿಗೆ ಹಚ್ಚಿದವರಲ್ಲ. ವಾಸನೆಯಲ್ಲೇ ತಿಳಿಯುತ್ತದಂತೆ. ಅಂಗಿಯ ಮೇಲೆ ಇಸ್ತ್ರಿ ಮರೆತಂಥ ವಾಸನೆ ಬಂದರೆ ಹತ್ತಿ ಒಣಗಿ ಸುಟ್ಟಿದೆ. ಬೆಲ್ಲದ ಪಾಕ ತಳ ಹಿಡಿದಂಥ ವಾಸನೆಯಾದರೆ ಜ್ಯೂಸ್‌ನ ಸಿಹಿಯೇ ತಂತಿಗೆ ಅಂಟಿದೆ.

ಈ ಮೂಗು, ಈ ಬೆರಳು ರಾಣೆಬೆನ್ನೂರಿನವು. ಫಹಮೀದಾ ಅವರದು ಪಿಂಜಾರರ ಮನೆ. ಅಪ್ಪ ಹೆಗಲ ಮೇಲೆ ಹಿಂಜುವ ಬಿಲ್ಲು ಹೊತ್ತು ಓಣಿ ಓಣಿ ತಿರುಗಿ ಗಾದಿ ತುಂಬುತ್ತಿದ್ದರು. ಹಿಂಜಿದ ಅರಳೆಯನ್ನು ಸಮನಾಗಿ ಹರಡುವುದು ಮಗಳ ಕೆಲಸ. ಊರಿಗೆಲ್ಲ ಗಾದಿ ಹೊಲಿದ ಆ ಮನೆಯಲ್ಲಿ ಮಲಗುತ್ತಿದ್ದದ್ದು ಚಾಪೆಯ ಮೇಲೆ. ಮದುವೆಯಾಗಿ ಹತ್ತೊಂಬತ್ತು ವರ್ಷದ ಹಿಂದೆ ಈ ದೇಶಕ್ಕೆ ಬಂದರು. ಗಂಡ ಮುಯೀನ್ ಟ್ರಕ್ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ರಸ್ತೆಯ ಮೇಲೆ. ಫಹಮೀದಾ ಮೊದಲು ಗೋದಾಮಿನಲ್ಲಿ ಡಬ್ಬ ಕಟ್ಟಿದರು. ಮಂಡಿ ಸೋತಾಗ, ಗಂಡನ ಗೆಳೆಯ ಅಜ್ಮತ್ ತಮ್ಮ ಅಂಗಡಿಯಲ್ಲಿ ಗಾಜು ಒರೆಸುವ ಕೆಲಸ ಕೊಟ್ಟರು.

“ಆವಾಗ ಇಲ್ಲೊಬ್ಬ ಇದ್ದ. ಹತ್ತೀನ ತುರುಕಿ ತುರುಕಿ ಹಾಕ್ತಿದ್ದ. ಅಷ್ಟು ಬಿಗಿ ತುಂಬಿದ್ರ ಅದು ಹೆಂಗ ಕುಡೀಬೇಕು? ನೋಡಲಾರದ ನಾನ ಕೈ ಹಾಕಿದೆ. ಅವತ್ತ ಹಾಕಿದ ಕೈ, ಇನ್ನೂ ತಗದಿಲ್ಲ.”

ಕೈ ಈಗ ಒಡೆದಿದೆ. ಚಳಿಗಾಲದಲ್ಲಿ ಬೆರಳ ತುದಿಯ ಬಿರುಕಿಗೆ ಜ್ಯೂಸ್ ತಾಗಿದರೆ ಉರಿ. ಗ್ಲೌಸ್ ಹಾಕಿದರೆ ಹತ್ತಿ ಎಷ್ಟು ಬಿಗಿಯಾಯಿತೆಂದು ತಿಳಿಯುವುದಿಲ್ಲ, ತೆಗೆದುಬಿಡುತ್ತಾರೆ. ಮಧ್ಯಾಹ್ನಕ್ಕೆ ತಲೆ ಹಿಡಿದುಕೊಳ್ಳುತ್ತದೆ. ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಕೊಟ್ಟರೂ ಮೂಗಿನಲ್ಲಿ ಜ್ಯೂಸ್‌ನ ಸ್ಟ್ರಾಬೆರಿ ವಾಸನೆ. ಊರಿನಲ್ಲಿ ತಂಗಿಗೆ ಹೇಳಿರುವುದು ‘ಬ್ಯಾಟರಿ ಅಂಗಡಿ’ ಎಂದು. “ಸುಳ್ಳಲ್ಲ, ಬ್ಯಾಟರಿನೂ ಮಾರ್ತೀವಿ,” ಎಂದು ನಗದೆ ಹೇಳುತ್ತಾರೆ.

ಈ ವ್ಯಾಪಾರ ಒಳ್ಳೆಯದೆಂದು ಅವರು ಯಾರಿಗೂ ಹೇಳಿದ್ದಿಲ್ಲ. ಕುರ್ಚಿಯಲ್ಲಿ ಕೂತವರನ್ನು ಕೇಳುವುದು ಒಂದೇ ಪ್ರಶ್ನೆ: ಈ ಸಲ ಸ್ವಲ್ಪ ಇಳಿಸೋಣವೇ? ಒಪ್ಪಿದರೆ ನಿಕೋಟಿನ್ ಕಡಿಮೆಯಿರುವ ಜ್ಯೂಸ್ ತುಂಬುತ್ತಾರೆ. ಹನ್ನೆರಡು ಮಿಲಿಗ್ರಾಂನಿಂದ ಆರು, ಆರರಿಂದ ಮೂರು. ಹೀಗೆ ಇಳಿಯುತ್ತ ಇಳಿಯುತ್ತ ಅಂಗಡಿಗೆ ಬರುವುದನ್ನೇ ಬಿಟ್ಟವರು ಏಳು ಮಂದಿ. ಏಳೂ ಹೆಸರು ಅವರಿಗೆ ಬಾಯಿಪಾಠ.

“ಗಿರಾಕಿ ಬರಲಿಲ್ಲಂದ್ರ ಖುಷಿಪಡಾಕಿ ನಾ ಒಬ್ಬಾಕೀನ ಇರಬೇಕು ನೋಡ್ರಿ.”

ಕೇಶವ್ ಈಗ ಮೂರರಲ್ಲಿದ್ದಾರೆ. ಹತ್ತು ನಿಮಿಷ ಮುಗಿದು ಎದ್ದವರು ಒಂದು ದಮ್ಮು ಎಳೆದು ತಲೆಯಾಡಿಸುತ್ತಾರೆ. “ಮುಂದಿನ ತಿಂಗಳು ಸೊನ್ನೆ, ಆಂಟಿ. ಪ್ರಾಮಿಸ್.”

“ಹೋದ ತಿಂಗಳೂ ಪ್ರಾಮಿಸ್ ಮಾಡಿದ್ರಿ.”

“ಅದು ಟ್ರಯಲ್.”

ಆದರೆ ಮುಂದಿನ ತಿಂಗಳು ಈ ಮೇಜು ಇಲ್ಲಿರುವುದಿಲ್ಲ. ಕೇಶವ್‌ಗೆ ಅದು ಇನ್ನೂ ಗೊತ್ತಿಲ್ಲ.

ಹನ್ನೆರಡರ ಹೊತ್ತಿಗೆ ಅಜ್ಮತ್ ಅಳತೆಯ ಟೇಪು ಹಿಡಿದು ಬರುತ್ತಾರೆ. ಶಿವಮೊಗ್ಗದ ಕಡೆಯವರು, ಮೂರು ಅಂಗಡಿಗಳ ಮಾಲೀಕ, ಕೆಟ್ಟವರಲ್ಲ. ಹದಿನೆಂಟು ಮೈಲಿ ದೂರದಲ್ಲಿ ನಾಲ್ಕನೆಯದು ತೆರೆಯುತ್ತಿದ್ದಾರೆ. ಅಲ್ಲಿ ಬಳಸಿ ಎಸೆಯುವ ಸಾಧನಗಳು ಮಾತ್ರ. ಇಲ್ಲಿಯೂ ಮೇಜು ತೆಗೆದು ಅವುಗಳದ್ದೇ ಕಪಾಟು ಇಡಬೇಕು.

“ಈಗ ಯಾರು ಭಾಬಿ ರಿಪೇರಿ ಮಾಡಿಸ್ತಾರೆ? ಸುಟ್ಟೋಯ್ತಾ, ಬಿಸಾಕು, ಇನ್ನೊಂದು ತಗೋ. ನೀವು ಹೊಸ ಅಂಗಡಿ ಕೌಂಟರ್‌ಗೆ ಬನ್ನಿ. ನಿಮಗೂ ಆರಾಮ.”

“ಅಲ್ಲಿ ಕುಂದ್ರಾಕ ಕುರ್ಚಿ ಐತೇನು?”

“ಕೌಂಟರ್‌ನಲ್ಲಿ ಕೂತ್ಕೊಂಡ್ರೆ ಚೆನ್ನಾಗಿ ಕಾಣಲ್ಲ ಭಾಬಿ.”

“ಆ ಬಿಸಾಕೋ ಸಾಮಾನು ಬಿಚ್ಚಾಕ ಬರಂಗಿಲ್ಲ. ಒಳಗಿನ ನಿಕೋಟಿನ್ ಇಳಸಾಕೂ ಬರಂಗಿಲ್ಲ.”

“ಅದೇ ಅಲ್ವಾ ಅನುಕೂಲ!” ಅಜ್ಮತ್ ಟೇಪನ್ನು ಸರ್ರನೆ ಒಳಗೆ ಬಿಡುತ್ತಾರೆ. “ಸೋಮವಾರ ಎಂಟು ಗಂಟೆಗೆ ಅಲ್ಲಿಗೆ ಬಂದ್ಬಿಡಿ. ಮುಯೀನ್ ಭಾಯ್‌ಗೆ ಫೋನ್ ಮಾಡಿದ್ದೆ, ಹೂಂ ಅಂದ್ರು.”

ಫಹಮೀದಾ ಕೈಯಲ್ಲಿನ ಹತ್ತಿಯನ್ನು ಮೇಜಿನ ಮೇಲಿಡುತ್ತಾರೆ. ಮುಯೀನ್ ಹೂಂ ಅಂದಿದ್ದಾರೆ. ಅಜ್ಮತ್ ದಿನ, ಗಂಟೆ ಎಲ್ಲ ಗೊತ್ತುಮಾಡಿದ್ದಾರೆ. ಯಾರೂ ತಮ್ಮನ್ನು ಕೇಳಿಲ್ಲ.

“ನೋಡೋಣ,” ಎನ್ನುತ್ತಾರೆ.

ಹನ್ನೊಂದು ವರ್ಷದಿಂದ ಅವರ ‘ನೋಡೋಣ’ ಎಂದರೆ ‘ಆಗಲಿ’ ಎಂದೇ ಅರ್ಥ. ಅಜ್ಮತ್ ನಿಶ್ಚಿಂತೆಯಿಂದ ಹೊರಡುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಫಹಮೀದಾ ಹತ್ತಿಯ ಎಳೆಯೊಂದನ್ನು ಬೆರಳಲ್ಲಿ ಹೊಸೆಯುತ್ತಾರೆ. “ಇಲ್ಲಿ ಎಲ್ಲಾ ಫೋಮ್ ರೀ, ಬೆನ್ನಿಗೆ ಹಿಡಿಸಂಗಿಲ್ಲ. ನನಗಂತ ಒಂದು ಹತ್ತಿ ಗಾದಿ ಹೊಲ್ಕೋಬೇಕು. ಅದರ ಮ್ಯಾಲೆ ಒಂದಿನ ಎಂಟು ತಾಸು ಮಲಗಬೇಕು. ಯಾರೂ ಎಬ್ಬಸಬಾರದು.”

ಎರಡು ಗಂಟೆಗೆ ಪಾಳಿ ಮುಗಿಯುತ್ತದೆ. ದಿನವೂ ದೀಪ ಆರಿಸಿ, ಕತ್ತರಿಯನ್ನು ಒರೆಸಿ ಖಾನೆಯಲ್ಲಿಟ್ಟು, ಕೋಟು ಹಾಕಿಕೊಂಡು ಓಡುವವರು ಅವರು. ಕತ್ತರಿ ಅಪ್ಪನದು. ಊರಿನಿಂದ ತಂದ ಸಾಮಾನಿನಲ್ಲಿ ಈಗಲೂ ಹರಿತ ಉಳಿಸಿಕೊಂಡದ್ದು ಅದೊಂದೇ. ಇಂದು ದೀಪ ಆರಿಸಿದವರು ಮಡಚುವ ಕುರ್ಚಿಯತ್ತ ನೋಡುತ್ತಾರೆ. ಸಾವಿರಾರು ಜನರನ್ನು ಕೂರಿಸಿದ ಆ ಕುರ್ಚಿಯಲ್ಲಿ ತಾವೊಮ್ಮೆಯೂ ಕೂತಿಲ್ಲ. ಕೂರುತ್ತಾರೆ.

ಗಲ್ಲಾಪೆಟ್ಟಿಗೆಯ ಮುಂದಿದ್ದ ಶೋಯೆಬ್, ಅಜ್ಮತ್ ಅವರ ತಮ್ಮ, ಗಾಬರಿಯಾಗುತ್ತಾರೆ. “ಆರ್ ಯು ಓಕೆ, ಆಂಟಿ? ಮಂಡಿ ನೋವಾ?”

“ಹತ್ತು ನಿಮಿಷ,” ಎನ್ನುತ್ತಾರೆ ಫಹಮೀದಾ.

ಗೋಡೆಯ ಗಡಿಯಾರ ಹತ್ತು ನಿಮಿಷ ಮುಗಿಸುವಷ್ಟರಲ್ಲಿ ನಿರ್ಧಾರ ಮನಸ್ಸಿನಲ್ಲಿ ಕೂತಿರುತ್ತದೆ. ಸೋಮವಾರ ಎಂಟು ಗಂಟೆಗೆ ಅವರು ಎಲ್ಲಿಗೂ ಹೋಗುವುದಿಲ್ಲ. ಎದ್ದು, ಖಾನೆ ಎಳೆದು, ಒಳಗಿದ್ದ ಕತ್ತರಿಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಕಾರಿನಲ್ಲಿ ಕೂತಾಗ ಮುಯೀನ್ ಫೋನ್ ಬರುತ್ತದೆ, ಇಂಡಿಯಾನಾದ ಯಾವುದೋ ಎಕ್ಸಿಟ್‌ನಿಂದ. “ಅಜ್ಮತ್ ಬಂದಿದ್ನಾ? ಎಲ್ಲಾ ಬರೋಬ್ಬರಿ ಐತಿಲ್ಲ?”

“ಬಂದಿದ್ದ. ಎಲ್ಲಾ ಬರೋಬ್ಬರಿ ಐತಿ. ನೀವು ನಿಧಾನ ಓಡಸ್ರಿ, ಹಿಮ ಬೀಳತೈತಂತ,” ಎನ್ನುತ್ತಾರೆ. ಫೋನ್ ಇಟ್ಟು ಕಾರು ಹೊರಡಿಸುತ್ತಾರೆ. ಮೊದಲ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಾಗ ಪಕ್ಕದ ಸೀಟಿನ ಮೇಲಿನ ಕೈಚೀಲ ಮುಂದಕ್ಕೆ ಜಾರುತ್ತದೆ. ಒಂದು ಕೈ ಚಾಚಿ ಅದನ್ನು ಹಿಡಿದುಕೊಳ್ಳುತ್ತಾರೆ.