ಗುಡ್ಡದ ಮೇಲಿನ ಮೂರು ಬಣ್ಣ

ಕೊಪ್ಪಳ ಜಿಲ್ಲೆಯಾದ ವರ್ಷವೇ ನನಗೆ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ನಮ್ಮೂರು ಕೊಪ್ಪಳದಿಂದ ಗಂಗಾವತಿಗೆ ಹೋಗುವ ರಸ್ತೆಯಿಂದ ಒಳಗೆ, ಎರಡು ಕಲ್ಲುಗುಡ್ಡಗಳ ಬುಡದಲ್ಲಿದೆ. ಶಾಲೆ ಇದ್ದದ್ದು ಗುಡ್ಡದಾಚೆಯ ಊರಲ್ಲಿ. ರಸ್ತೆ ಹಿಡಿದು ಸುತ್ತಿ ಹೋಗಲು ಬಸ್ಸಿಗೆ ಕಾಯಬೇಕಿತ್ತು. ಗುಡ್ಡ ಹತ್ತಿ ಇಳಿದರೆ ಮುಕ್ಕಾಲು ಗಂಟೆ. ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುತ್ತಿದ್ದೆ, ಆಚೆ ಇಳಿದ ಮೇಲೆ ಕಾಲಿಗೆ ಹಾಕಿಕೊಂಡು ಟೀಚರ್ ಆಗುತ್ತಿದ್ದೆ.

ಅದೇ ವರ್ಷ ಪಕ್ಕದ ಗುಡ್ಡಕ್ಕೆ ಮೂರು ಜನ ಬಂದು ಬಂಡೆಗಳ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದು ಹೋದರು. ಹೋಗುವಾಗ ನನ್ನ ಸೋದರತ್ತೆಯ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದರು. ಯಾಕೆ ಬರೆದಿರಿ ಎಂದು ಅತ್ತೆ ಕೇಳಿದ್ದಕ್ಕೆ, "ಬರೇ ಅಳತಿ ಯಮ್ಮಾ, ಏನೂ ಮಾಡಂಗಿಲ್ಲ" ಅಂದರು. ಎರಡು ವರ್ಷದೊಳಗೆ ಆ ಗುಡ್ಡ ಕ್ವಾರಿಯಾಯಿತು. ಮಧ್ಯಾಹ್ನ ಸಿಡಿಮದ್ದು ಹಾರಿಸಿದರೆ ನಮ್ಮ ಅಡುಗೆಮನೆಯ ಗಡಿಗೆಗಳು ಅಲುಗಾಡುತ್ತಿದ್ದವು. ಗುಡ್ಡದ ಸೀತಾಫಲವನ್ನು ಬುಟ್ಟಿ ತುಂಬಿ ಗಂಗಾವತಿ ಪೇಟೆಯಲ್ಲಿ ಮಾರುತ್ತಿದ್ದ ಅತ್ತೆಗೆ ಅರ್ಧ ಗಿಡಗಳು ಹೋದವು. "ನಾನ ಕುಡಿಸಿದ್ನಲ್ಲ ಮಜ್ಜಿಗಿ" ಎಂದು ಆಕೆ ಬಹಳ ದಿನ ಹೇಳುತ್ತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆ ಅಂದಿನಿಂದ ಅಪರಿಚಿತರಿಗೆ ನೀರನ್ನೂ ಯೋಚಿಸಿ ಕೊಡುತ್ತಿದ್ದಳು.

ಹೀಗಾಗಿ ಹತ್ತು ಹನ್ನೆರಡು ವರ್ಷಗಳ ನಂತರ ಒಂದು ಬೆಳಿಗ್ಗೆ, ಉಳಿದಿದ್ದ ನಮ್ಮ ಗುಡ್ಡದ ಕಾಲುದಾರಿಯಲ್ಲಿ ಒಂದು ಕಲ್ಲಿನ ಮೇಲೆ ಹಸಿರು ಬಣ್ಣದ ಬಾಣದ ಗುರುತು ಕಂಡಾಗ ನಾನು ಅಲ್ಲೇ ನಿಂತೆ. ಬಣ್ಣ ಮುಟ್ಟಿ ನೋಡಿದೆ, ಒಣಗಿತ್ತು. ಇನ್ನೂ ಸ್ವಲ್ಪ ಮೇಲೆ ನೀಲಿ ಬಾಣ. ಗುಡ್ಡದ ನೆತ್ತಿಯಲ್ಲಿ ದಾರಿ ಎರಡಾಗುವಲ್ಲಿ, ಎಡಕ್ಕೆ ಹಸಿರು, ಬಲಕ್ಕೆ ಕೆಂಪು. ಬಲಗಡೆ ಹೋದರೆ ಒಂದು ದೊಡ್ಡ ಹಾಸುಬಂಡೆ. ಆಡು ಕೂಡ ಯೋಚಿಸಿ ಇಳಿಯುವಷ್ಟು ಜಾರು.

ಅವತ್ತು ಮಕ್ಕಳಿಗೆ ಮಗ್ಗಿ ಹೇಳಿಸುತ್ತಾ ನನ್ನ ತಲೆಯಲ್ಲಿ ಬರೀ ಆ ಬಣ್ಣಗಳೇ. ಸಂಜೆ ಅತ್ತೆಗೆ ಹೇಳಿದೆ. ಆಕೆ ತಕ್ಷಣ ನನ್ನ ಜೊತೆ ಗುಡ್ಡ ಹತ್ತಿದಳು. ಗುರುತುಗಳನ್ನು ನೋಡಲಿಲ್ಲ, ನೆಲ ನೋಡಿದಳು. ಮಣ್ಣಿನ ಮೇಲೆ ದಪ್ಪ ಗಾಲಿಯ, ಉಬ್ಬುಬ್ಬಾದ ಅಚ್ಚು ಮೂಡಿತ್ತು.

"ಮೋಟಾರ್ ಸೈಕಲ್ ಇರಬೇಕು" ಅಂದೆ.

"ಅಲ್ಲ. ಇಷ್ಟು ಸಣ್ಣ ಸಂದಿಯಾಗ ಮೋಟಾರ್ ಹಾಯಂಗಿಲ್ಲ. ಎಣ್ಣಿ ವಾಸನಿನೂ ಇಲ್ಲ" ಎಂದಳು ಅತ್ತೆ. "ಸದ್ದು ಮಾಡದಂಗ ಬರಾಕ ಹತ್ಯಾರ. ಅದ ನನಗ ಹೆದ್ರಿಕಿ."

ಊರಲ್ಲಿ ಬಾಯಿಗೊಂದು ಅರ್ಥ ಹುಟ್ಟಿತು. ಹಸಿರು ಅಂದರೆ ಅರಣ್ಯ ಇಲಾಖೆಗೆ ಬಿಡುವ ಜಾಗ, ನೀಲಿ ಅಂದರೆ ನೀರಿನ ಸೆಲೆ, ಕೆಂಪು ಅಂದರೆ ಮದ್ದು ತುಂಬುವ ಜಾಗ. ಕೆಂಪಿನ ಬಗ್ಗೆ ಮಾತ್ರ ಎಲ್ಲರದೂ ಒಂದೇ ಮಾತು. ಯಾಕೆಂದರೆ ಕ್ವಾರಿಯಲ್ಲಿ ಮದ್ದು ಹಾರಿಸುವ ಮುಂಚೆ ಕೆಂಪು ಬಾವುಟ ಹಿಡಿಯುವುದನ್ನು ನಾವೆಲ್ಲ ನೋಡಿದ್ದೆವು.

ಮುಂದಿನ ಭಾನುವಾರ ಬೆಳಿಗ್ಗೆಯೇ ನಾನೂ ಅತ್ತೆಯೂ ನೆತ್ತಿಯ ಹತ್ತಿರ ಸೀತಾಫಲದ ಪೊದೆಯ ಮರೆಯಲ್ಲಿ ಕೂತೆವು. ಬಿಸಿಲು ಏರುವ ಹೊತ್ತಿಗೆ ಕೆಳಗಿನಿಂದ ಏದುಸಿರಿನ ಸದ್ದು ಕೇಳಿಸಿತು. ಐದು ಜನ ದಪ್ಪ ಗಾಲಿಯ ಸೈಕಲ್ಲುಗಳನ್ನು ಕೆಲವು ಕಡೆ ತುಳಿಯುತ್ತಾ, ಕೆಲವು ಕಡೆ ಹೆಗಲ ಮೇಲೆ ಹೊತ್ತು ಮೇಲೆ ಬಂದರು. ತಲೆಗೆ ಹೆಲ್ಮೆಟ್ಟು, ಮೊಣಕಾಲಿಗೆ ಪಟ್ಟಿ. ಮೇಲೆ ಬಂದವರು ನೀರು ಕುಡಿದು, ಒಬ್ಬೊಬ್ಬರಾಗಿ ಕೆಂಪು ಬಾಣದ ಕಡೆ ತಿರುಗಿ ಹಾಸುಬಂಡೆಯ ಮೇಲಿಂದ ಇಳಿದೇಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಕೊನೆಯವರು ಇನ್ನೇನು ಹೊರಡಬೇಕು, ಅತ್ತೆ ಪೊದೆಯಿಂದ ಎದ್ದು ಸೈಕಲ್ಲಿನ ಮುಂದೆ ನಿಂತಳು.

"ಯಾರಪಾ ನೀವು? ಯಾರ ಕಳಿಸ್ಯಾರ?"

ನಲವತ್ತರ ಆಸುಪಾಸಿನ ಆ ಮನುಷ್ಯ ಬೆಚ್ಚಿದರು. ಹೆಲ್ಮೆಟ್ಟು ತೆಗೆದು ಕೈ ಮುಗಿದರು. ತಾವು ಕೊಪ್ಪಳದಲ್ಲಿ ಹಲ್ಲಿನ ಡಾಕ್ಟರು, ಭಾಗ್ಯನಗರದ ಕಡೆ ದವಾಖಾನೆ ಇದೆ, ಮೂಲ ಊರು ಕುಷ್ಟಗಿ ಎಂದರು. ಅತ್ತೆ ಕುಷ್ಟಗಿಯ ಓಣಿ, ಬಾವಿ, ಸಂತೆಯ ವಾರ ಎಲ್ಲ ಕೇಳಿ ಪರೀಕ್ಷೆ ಮಾಡಿದಳು. ಎಲ್ಲಕ್ಕೂ ಸರಿಯಾದ ಉತ್ತರ ಬಂತು. ಅದರಿಂದ ಆಕೆಯ ಅನುಮಾನ ಹೆಚ್ಚೇ ಆಯಿತು.

"ಈ ಬಣ್ಣ ಏನಿದು?" ನಾನು ಕೇಳಿದೆ.

"ಹೊಸಬರಿಗೆ ಹಸಿರು ದಾರಿ ರಿ ಅಕ್ಕಾರ. ಸ್ವಲ್ಪ ಕಲ್ತವರಿಗೆ ನೀಲಿ. ಪೂರಾ ಪಳಗಿದವರಿಗೆ ಕೆಂಪು. ಯಾರೂ ದಾರಿ ತಪ್ಪಿ ಬೀಳಬಾರದಂತ ಬರದೀವಿ." ಆಮೇಲೆ ಬೆನ್ನಿನ ಚೀಲದಿಂದ ಮಡಚಿದ ನಕ್ಷೆಯೊಂದನ್ನು ತೆಗೆದು ಬಂಡೆಯ ಮೇಲೆ ಹರಡಿದರು. ಯುರೋಪಿನ ಹಿಮದ ಗುಡ್ಡಗಳದ್ದು. ಒಮ್ಮೆ ಅಲ್ಲಿಗೆ ಹೋಗಿದ್ದರಂತೆ. ಬೆಟ್ಟದ ತುಂಬ ಬಣ್ಣದ ಗೆರೆಗಳು. "ಅಲ್ಲಿ ಹಿಮದ ಮ್ಯಾಲ ಜಾರಿ ಇಳಿಯಾಕ ಕಲಿಯೋರಿಗೆ ಒಂದು ದಾರಿ, ಕಲ್ತೋರಿಗೆ ಒಂದು ದಾರಿ ಅಂತ ಹಿಂಗ ಗುರುತು ಮಾಡ್ತಾರ. ನಮ್ಮ ಗುಡ್ಡ ಏನ್ ಕಡಿಮಿ ಅದಾವ ಅನ್ನಿಸ್ತು ನನಗ."

ಅತ್ತೆ ನಕ್ಷೆಯನ್ನೇ ನೋಡುತ್ತಿದ್ದಳು. ಅವರು ಇಳಿದು ಹೋದ ಮೇಲೆ ನನ್ನ ಕಡೆ ತಿರುಗಿ, "ನಕಾಶಿ ಇಟ್ಕೊಂಡು ತಿರಗ್ಯಾಡೋರು ಆಟ ಆಡಾಕ ಬಂದಾರಂದ್ರ ನಂಬ್ತಿ ಏನ? ಇಳಿಯಾಕಂತ ಯಾರಾರ ಗುಡ್ಡ ಹತ್ತತಾರ?" ಅಂದಳು.

ನಾನು ಓದಿದವಳು. ನಂಬಬೇಕೆಂದೇ ಇದ್ದೆ. ಆದರೆ ಅತ್ತೆಯ ಪ್ರಶ್ನೆ ಮುಳ್ಳಿನಂತೆ ಒಳಗೆ ಮುರಿದುಕೊಂಡಿತು. ಹದಿನೈದು ದಿನ ತಡೆದು, ಕೊನೆಗೆ ಹಲ್ಲುನೋವಿನ ನೆಪದಲ್ಲಿ ಡಾಕ್ಟರ ದವಾಖಾನೆಗೇ ಹೋದೆ. ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಒಳಗಿಂದ ಒಬ್ಬರು ಬಾಯಿಗೆ ಹತ್ತಿ ಇಟ್ಟುಕೊಂಡು ಹೊರಬಂದರು. ಪಕ್ಕದ ಗುಡ್ಡದ ಕ್ವಾರಿಯ ಯಜಮಾನರು. ಬಾಗಿಲ ತನಕ ಬಂದ ಡಾಕ್ಟರ ಹೆಗಲ ಮೇಲೆ ಕೈಯಿಟ್ಟು, "ಹಂಗಾದ್ರ ಗುಡ್ಡದ ಕೆಲಸ ಮಳಿ ನಿಂತ ಮ್ಯಾಲ ಚಾಲೂ ಮಾಡ್ರಿ ಡಾಕ್ಟ್ರ, ನಮ್ಮ ಕಡಿಂದ ತಕರಾರಿಲ್ಲ" ಎಂದು ತೊದಲಿ ಹೋದರು.

ಡಾಕ್ಟರು ನನ್ನ ಗುರುತು ಹಿಡಿದರು. ಬಾಯಿ ತೆರೆಸಿ ಒಂದೊಂದೇ ಹಲ್ಲು ತಟ್ಟಿ ನೋಡಿ, "ಎಲ್ಲಾ ಛಲೋ ಅದಾವಲ್ರಿ ಅಕ್ಕಾರ. ನೋವು ಎಲ್ಲಿ ಐತಿ?" ಎಂದು ಕೇಳಿದರು. ಯಾವ ಕಡೆ ಕೈ ತೋರಿಸಿದೆನೋ ನೆನಪಿಲ್ಲ. ಗುಡ್ಡದ ಕೆಲಸ ಯಾವುದು ಎಂದು ಆ ಕುರ್ಚಿಯಲ್ಲೇ ಕೇಳಬಹುದಿತ್ತು. ಕೇಳಲಿಲ್ಲ. ಉತ್ತರ ನನಗೆ ಮೊದಲೇ ಗೊತ್ತಿದೆ ಅಂದುಕೊಂಡಿದ್ದೆ.

ಬಸ್ಸಿಳಿದು ನೇರವಾಗಿ ಅತ್ತೆಯ ಮನೆಗೆ ಹೋಗಿ ಹೇಳಿದೆ. ಆಕೆ ಕೂಗಾಡಲಿಲ್ಲ. "ಅಳಿಸೂಣು ನಡಿ" ಅಂದಳು, ಅಷ್ಟೇ. ಶಾಲೆಯಲ್ಲಿ ಕರಿಹಲಗೆಗೆ ಬಳಿದು ಉಳಿದಿದ್ದ ಕಪ್ಪು ಬಣ್ಣದ ಡಬ್ಬಿ ಇತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ನೆತ್ತಿಗೆ ಬಂದೆ. ಅತ್ತೆ ಅಲ್ಲಿ ಕಾಯುತ್ತಿದ್ದಳು. ದಾರಿ ಎರಡಾಗುವ ಕಡೆಯ ಹಸಿರು, ಕೆಂಪು ಎರಡೂ ಬಾಣಗಳ ಮೇಲೆ ನಾನೇ ಕಪ್ಪು ಬಳಿದೆ. ಹಾಸುಬಂಡೆಯ ಅಂಚಿನಲ್ಲಿದ್ದ ದೊಡ್ಡ ಕೆಂಪು ಗೆರೆಯ ಮೇಲೂ ಬಳಿದೆ. ಬಣ್ಣ ಅಲ್ಲಿಗೆ ಖಾಲಿಯಾಯಿತು. ಇಳಿದು ಬರುವಾಗ ನನಗೆ ಹಗುರವೆನಿಸಿತ್ತು. ಊರನ್ನು ಉಳಿಸಿದೆ ಎಂಬ ಭಾವನೆ. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಮರುದಿನ ಅತ್ತೆ ಹಣ್ಣು ಕೀಳಲು ಗುಡ್ಡಕ್ಕೆ ಹೋದಾಗ ನಾನೂ ಹಿಂದೆ ಹೋದೆ. ಅವರು ಬಂದು ಏನು ಮಾಡುತ್ತಾರೋ ನೋಡುವ ಕುತೂಹಲ. ನಾವು ಇನ್ನೂ ನಡುಗುಡ್ಡದಲ್ಲಿದ್ದೆವು. ಹಾಸುಬಂಡೆಯ ಕಡೆಯಿಂದ ಕಬ್ಬಿಣ ಕಲ್ಲಿಗೆ ಬಡಿದ ಸದ್ದು, ಅದರ ಬೆನ್ನಿಗೆ ಹೆಂಗಸೊಬ್ಬಳ ಚೀರಾಟ.

ನಾನು ಹೋಗುವಷ್ಟರಲ್ಲಿ ಅತ್ತೆ ಅಲ್ಲಿದ್ದಳು. ಬಂಡೆಯ ಬುಡದಲ್ಲಿ ನನ್ನ ವಯಸ್ಸಿನ ಹೆಂಗಸು ಮಗ್ಗುಲಾಗಿ ಬಿದ್ದಿದ್ದಳು. ಎಡಭುಜ ಕೆಳಗೆ ಜೋತಿತ್ತು, ಗಲ್ಲ ಕಿತ್ತು ರಕ್ತ ಬರುತ್ತಿತ್ತು. ಸೈಕಲ್ಲಿನ ಮುಂದಿನ ಗಾಲಿ ಸೊಟ್ಟಗಾಗಿತ್ತು. ದಾರಿ ರೂಢಿಯಾಗಿದ್ದರಿಂದ ಗುರುತು ನೋಡದೆಯೇ ಮುಂದೆ ಇಳಿದಿದ್ದ ಡಾಕ್ಟರೂ ಉಳಿದವರೂ ಓಡಿ ಬಂದರು.

"ಹಸಿರು ಗುರುತು ನೋಡ್ಕೊಂಡು ಬರ್ರಿ ಅಂದಿದ್ನಲ್ರಿ!" ಡಾಕ್ಟರ ದನಿ ಒಡೆದಿತ್ತು.

"ಗುರುತು ಇರಲಿಲ್ಲ" ಎಂದಳು ಆಕೆ ಹಲ್ಲು ಕಚ್ಚಿ. "ನಿಮ್ಮ ಗಾಲಿ ಅಚ್ಚು ಬಲಕ್ಕಿತ್ತು. ಅದನ್ನ ಹಿಡಿದು ಬಂದೆ."

ಅತ್ತೆ ತಲೆಯ ಮೇಲಿನ ಸಿಂಬಿಯ ಬಟ್ಟೆ ಬಿಚ್ಚಿ ಆಕೆಯ ಕೈಯನ್ನು ಎದೆಗೆ ಕಟ್ಟಿದಳು. ಎಷ್ಟು ಮೆತ್ತಗೆ ಕಟ್ಟಿದಳೆಂದರೆ ಆಕೆ ಒಮ್ಮೆಯೂ ಮುಲುಕಲಿಲ್ಲ. ಸರದಿಯ ಮೇಲೆ ಹೊತ್ತು ಕೆಳಗಿಳಿಸಿದೆವು. ನಾನು ಆಕೆಯ ತಲೆ ಹಿಡಿದಿದ್ದೆ. ನನ್ನ ಉಗುರಿನ ಸಂದಿಯಲ್ಲಿ ಕಪ್ಪು ಬಣ್ಣ ಹಾಗೇ ಇತ್ತು. ಡಾಕ್ಟರು ಅದನ್ನು ನೋಡಿದರು, ನನ್ನ ಮುಖ ನೋಡಿದರು. ಗುಡ್ಡದ ಬುಡದಲ್ಲಿ ಅವರ ಜೀಪು ಹೊರಡುವಾಗ ಅತ್ತೆಯೇ ಮುಂದೆ ಬಂದು ಹೇಳಿದಳು: "ತಮ್ಮಾ, ಗುರುತು ಅಳಿಸಿದ್ದು ನಾವ. ಗುಡ್ಡ ಒಡಿಯಾಕ ಬಂದೀರಿ ಅನ್ಕೊಂಡ್ವಿ."

ಡಾಕ್ಟರು ಜೀಪಿನ ಬಾಗಿಲು ಹಾಕಿಕೊಂಡರು.

ನಾಲ್ಕನೆಯ ದಿನ ಗಂಗಾವತಿಯ ಆಸ್ಪತ್ರೆಗೆ ಹೋದೆ. ಬಿದ್ದವಳ ಹೆಗಲೆಲುಬು ಮುರಿದಿತ್ತು. ಆಕೆ ಯಲಬುರ್ಗಾದ ಕಡೆಯವಳು, ನನ್ನಂತೆಯೇ ಶಾಲೆಯ ಟೀಚರ್. ಗುಡ್ಡದ ಮೇಲೆ ಅವತ್ತೇ ಆಕೆಯ ಮೊದಲ ದಿನ. ನಾನು ಎಲ್ಲವನ್ನೂ ಹೇಳಿದೆ, ಕರಿಹಲಗೆಯ ಬಣ್ಣವನ್ನೂ ಬಿಡದೆ.

"ಒಂದ್ ಮಾತು ಕೇಳಬಹುದಿತ್ತಲ್ರಿ" ಅಂದಳು.

"ಕೇಳಿದ್ವಿ. ನಂಬಲಿಲ್ಲ."

ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ತಂದಿದ್ದ ಹಣ್ಣು ಮೇಜಿನ ಮೇಲಿಟ್ಟು ಎದ್ದೆ. ವರಾಂಡದಲ್ಲಿ ಡಾಕ್ಟರು ಸಿಕ್ಕರು. ಆಗ ಕೇಳಿದೆ, ಕುರ್ಚಿಯಲ್ಲಿ ಕೇಳದೆ ಉಳಿದಿದ್ದನ್ನು. ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯ ಹೊಂಡದ ಸುತ್ತ ಹೊಸಬರು ಸೈಕಲ್ ಕಲಿಯಲು ಸುಲಭದ ದಾರಿ ಮಾಡಬೇಕೆಂದು ಯಜಮಾನರ ಒಪ್ಪಿಗೆ ಕೇಳಿದ್ದರಂತೆ. ಅದೇ ಗುಡ್ಡದ ಕೆಲಸ. "ನಮ್ಮದೂ ತಪ್ಪೈತ್ರಿ" ಎಂದರು ಅವರು. "ನಿಮ್ಮ ಗುಡ್ಡಕ್ಕ ಬಣ್ಣ ಹಚ್ಚೂ ಮೊದಲು ಊರಾಗ ಬಂದು ಹೇಳಬೇಕಿತ್ತು. ನಮಗ ಅದು ಹೊಳಿಲೇ ಇಲ್ಲ."

ಅತ್ತೆಗೆ ಇದನ್ನು ಹೇಳಿದಾಗ, "ಅಂತ ಅವರು ಹೇಳ್ಯಾರ" ಎಂದಳು. ಆದರೂ ಡಾಕ್ಟರು ಊರಿಗೆ ಬಂದು ಕಟ್ಟೆಯ ಮೇಲೆ ಕೂತು ಮಾತಾಡಿದಾಗ, ಯಾವ ದಾರಿಯಲ್ಲಿ ಹೋಗಬಹುದು, ಯಾವ ಗಿಡದ ಬುಡ ತುಳಿಯಬಾರದು ಎಂದು ಆಕೆಯೇ ತೋರಿಸಿಕೊಟ್ಟಳು. ಹೊಸ ಗುರುತುಗಳನ್ನು ಬರೆಯುವಾಗ ಪ್ರತಿ ಕಲ್ಲಿನ ಹತ್ತಿರವೂ ನಿಂತು ನೋಡಿದಳು. ಒಂದು ಅಂಕಿ ಕೂಡ ಬರೆಯಲು ಬಿಡಲಿಲ್ಲ. ಬಾಣ ಮಾತ್ರ.

ಸುಮಾರು ಒಂದು ವರ್ಷದ ನಂತರ ಭಾನುವಾರವೊಂದರಲ್ಲಿ ನಾನು ನೆತ್ತಿಯಲ್ಲಿದ್ದೆ. ಯಲಬುರ್ಗಾದ ಟೀಚರ್ ಒಬ್ಬಳೇ ಸೈಕಲ್ ತುಳಿಯುತ್ತಾ ಬಂದಳು. ದಾರಿ ಎರಡಾಗುವಲ್ಲಿ ಆಕೆ ಒಂದು ಕಾಲೂರಿ ನಿಂತಳು. ಹಸಿರು ಬಾಣ ಎಡಕ್ಕೆ, ಎದುರಿಗೇ, ದೊಡ್ಡದಾಗಿತ್ತು.

"ಎಡಕ್ಕ ಹೌದಲ್ರಿ?" ನನ್ನನ್ನು ಕೇಳಿದಳು.

"ಹೌದ್ರಿ. ಎಡಕ್ಕ."

ಆಕೆ ನನ್ನ ಕಣ್ಣುಗಳನ್ನೇ ನೋಡಿದಳು. ಆಮೇಲೆ ಸೈಕಲ್ಲನ್ನು ಬಂಡೆಗೆ ಒರಗಿಸಿ, ಎಡದ ದಾರಿಯಲ್ಲಿ ನಡೆದುಕೊಂಡೇ ಹೋದಳು; ತಿರುವಿನ ತನಕ ಹೋಗಿ, ಬಗ್ಗಿ ಆಚೆ ನೋಡಿ, ವಾಪಸು ಬಂದಳು. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ನಿಧಾನವಾಗಿ ಇಳಿದು ಹೋದಳು. ಗಾಲಿಯ ಕೆಳಗೆ ಸಣ್ಣ ಕಲ್ಲುಗಳು ಸರಿಯುವ ಸದ್ದು ನಿಲ್ಲುವವರೆಗೂ ನಾನು ಅಲ್ಲೇ ನಿಂತಿದ್ದೆ.