ಅಂಗೈಯ ಕಪ್ಪು ಗುರುತು

ನೀಲವ್ವ, ನಿನ್ನ ಗಂಡ ಮಲ್ಲಪ್ಪ ಎದೆನೋವಿನಿಂದ ಸಾಯಲಿಲ್ಲ. ಕರೆಂಟು ಹೊಡೆದು ಸತ್ತ. ಅದು ನನಗೆ ಅವತ್ತೇ, ಆ ಗಳಿಗೆಯಲ್ಲೇ ಗೊತ್ತಿತ್ತು. ಅಷ್ಟೇ ಅಲ್ಲ — ಆ ಕರೆಂಟು ಅವನನ್ನು ಹೊಡೆಯುವ ಹಾಗೆ ಮಾಡಿಟ್ಟವಳೂ ನಾನೇ.

ಇಷ್ಟು ಬರೆಯಲು ನನಗೆ ಏಳು ವರ್ಷ ಬೇಕಾಯಿತು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು ನಾನು. ಮಕ್ಕಳು ಪ್ರಬಂಧದಲ್ಲಿ ಸುತ್ತಿ ಬಳಸಿ ಬರೆದರೆ ಅಂಚಿನಲ್ಲಿ ‘ವಿಷಯಕ್ಕೆ ಬಾ’ ಎಂದು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ. ನನ್ನ ಅಂಚಿನಲ್ಲಿ ಹಾಗೆ ಗೀಚುವವರು ಯಾರೂ ಇರಲಿಲ್ಲ.

ಪುಟ್ಟೇನಹಳ್ಳಿ ಕೆರೆಯ ಹಿಂದಿನ ನಮ್ಮ ಅಪಾರ್ಟ್‌ಮೆಂಟು ನಿನಗೆ ಗೊತ್ತಿರುವುದೇ. ಇಪ್ಪತ್ತನಾಲ್ಕು ಮನೆ, ಒಂದು ಸಂಪು, ಒಂದು ಮೋಟರು, ಎಲ್ಲದಕ್ಕೂ ಒಬ್ಬ ಮಲ್ಲಪ್ಪ. ಸಂಘದ ಕಾರ್ಯದರ್ಶಿ ನಾನು. ನಿವೃತ್ತಳಾದ ಮೇಲೆ ಗದರಲು ಮಕ್ಕಳು ಸಿಗದೆ ಇಪ್ಪತ್ತನಾಲ್ಕು ಮನೆಯವರನ್ನೂ ಗದರಿಕೊಂಡಿದ್ದೆ. ನಾನಿದ್ದರೆ ಎಲ್ಲ ಸರಿಯಾಗಿ ನಡೆಯುತ್ತದೆ ಎಂಬ ಹೆಸರಿತ್ತು. ಆ ಹೆಸರು ನನಗೆ ಬಹಳ ಇಷ್ಟವಿತ್ತು.

ಆ ವರ್ಷ ಯುಗಾದಿಯ ಹಿಂದಿನ ದಿನ ಮೋಟರು ತೊಂದರೆ ಕೊಟ್ಟಿತು. ಕರೆಂಟು ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್ಚು ಇರುತ್ತದಲ್ಲ — ಅದನ್ನು ಎಷ್ಟು ಸಲ ಮೇಲೆತ್ತಿದರೂ ಪಟ್ಟನೆ ಬೀಳುತ್ತಿತ್ತು. ಬೆಳಗಾದರೆ ಎಲ್ಲ ಮನೆಯಲ್ಲೂ ಎಣ್ಣೆಸ್ನಾನ. ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಕೂತವರಿಗೆ ನಲ್ಲಿಯಲ್ಲಿ ನೀರು ಬಾರದಿದ್ದರೆ ಕಾರ್ಯದರ್ಶಿಯ ಮಾನ ಏನಾದೀತು! ನನಗಿದ್ದ ಚಿಂತೆ ಅದೊಂದೇ. ಎಲೆಕ್ಟ್ರಿಷಿಯನ್ನನ್ನು ಕರೆಸಿ, “ಆ ಸ್ವಿಚ್ಚು ತಪ್ಪಿಸಿ ಡೈರೆಕ್ಟ್ ಕೊಟ್ಬಿಡಪ್ಪ” ಎಂದೆ. ಮಲ್ಲಪ್ಪ ಪಕ್ಕದಲ್ಲೇ ಟಾರ್ಚು ಹಿಡಿದು ನಿಂತಿದ್ದ.

“ಬ್ಯಾಡ್ರೀ ಅಕ್ಕಾರ, ಅದು ಸುಮ್ಮನ ಬೀಳಂಗಿಲ್ರೀ. ಎಲ್ಲೋ ಕರೆಂಟ್ ಸೋರಾಕತ್ತೈತ್ರಿ.”

“ಹಬ್ಬ ಮುಗೀಲಿ ಮಲ್ಲಪ್ಪ, ಆಮೇಲೆ ಸರಿ ಮಾಡಿಸೋಣ.”

ಹಬ್ಬ ಮುಗಿಯಿತು. ನೀರು ಚೆನ್ನಾಗಿ ಬರುತ್ತಿತ್ತು, ಯಾರೂ ದೂರಲಿಲ್ಲ. ದೂರಿಲ್ಲದ ಕೆಲಸವನ್ನು ನಾನು ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ — ಎರಡು ಸಲ ನೆನಪಾಗಿತ್ತು, ನಾಳೆ ನೋಡೋಣ ಎಂದುಕೊಂಡಿದ್ದೆ.

ರಾಮನವಮಿಯ ದಿನ ಗೇಟಿನ ಮುಂದೆ ಪಾನಕ, ಕೋಸಂಬರಿ ಹಂಚುತ್ತಿದ್ದೆವು. ಪೂಜೆ ಅಲ್ಲೇ ಆಗಿದ್ದರಿಂದ ಮಲ್ಲಪ್ಪ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಲೋಟ ಕೊಡುತ್ತಿದ್ದ. ಮೇಲಿನ ಟ್ಯಾಂಕು ಖಾಲಿಯಾಗಿದೆ ಎಂದು ಯಾರೋ ಕೂಗಿದರು. “ಓಡು, ಮೋಟರ್ ಹಾಕ್ಬಿಟ್ಟು ಬಾ” ಎಂದೆ. ಓಡಿದ. ಹತ್ತು ನಿಮಿಷವಾದರೂ ಬರಲಿಲ್ಲ. ಬೈಯಲೆಂದೇ ನಾನು ನೆಲಮಾಳಿಗೆಗೆ ಇಳಿದೆ.

ಮೋಟರ್ ರೂಮಿನ ನೆಲ ಒದ್ದೆಯಾಗಿತ್ತು. ಅವನು ಗೋಡೆಗೊರಗಿ ಕುಸಿದಿದ್ದ, ಬಲಗೈ ಇನ್ನೂ ಸ್ಟಾರ್ಟರ್ ಪೆಟ್ಟಿಗೆಯ ಮೇಲಿತ್ತು. ಮೇನ್ ಆಫ್ ಮಾಡಿದೆ. ಆಮೇಲೆ — ಇದನ್ನು ಯಾರಿಗೂ ಹೇಳಿಲ್ಲ, ಈಗ ತೀರಿಕೊಂಡಿರುವ ನನ್ನ ಯಜಮಾನರಿಗೂ ಹೇಳಿರಲಿಲ್ಲ — ಆಮೇಲೆ ನಾನು ಮೊದಲು ಫೋನು ಮಾಡಿದ್ದು ಆಂಬುಲೆನ್ಸಿಗಲ್ಲ, ಎಲೆಕ್ಟ್ರಿಷಿಯನ್‌ಗೆ. ಈಗಿಂದೀಗಲೇ ಬಂದು ಸ್ವಿಚ್ಚು ಮೊದಲಿನ ಹಾಗೆ ಮಾಡಿಬಿಡು ಎಂದೆ. ಅದಾದ ಮೇಲೆಯೇ ಜನರನ್ನು ಕೂಗಿದ್ದು. ಆ ಮೂರು ನಾಲ್ಕು ನಿಮಿಷದಲ್ಲಿ ಅವನಲ್ಲಿ ಜೀವವಿತ್ತೋ ಇಲ್ಲವೋ — ನನಗೆ ಗೊತ್ತಿಲ್ಲ, ನೀಲವ್ವ. ಬಗ್ಗಿ ನೋಡಲಿಲ್ಲ.

ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ವಯಸ್ಸಾದ ಡಾಕ್ಟರು ನಾಡಿ ಹಿಡಿದು ತಲೆಯಾಡಿಸಿದರು. “ಎದೆ ಹಿಡ್ಕೊಂಡು ಕುಸಿದುಬಿಟ್ಟ ಡಾಕ್ಟ್ರೇ, ನಾನೇ ನೋಡ್ದೆ” ಎಂದೆ. ಟೀಚರ್ ಸುಳ್ಳು ಹೇಳುತ್ತಾರೆಂದು ಅವರಿಗೆ ಏಕೆ ಅನ್ನಿಸಬೇಕು? ಹೃದಯಾಘಾತ ಎಂದು ಬರೆದುಕೊಟ್ಟರು.

ನೀನು ಪಾತ್ರೆ ತೊಳೆಯುತ್ತಿದ್ದ ಮನೆಯಿಂದ ಹಾಗೆಯೇ ಓಡಿ ಬಂದೆ, ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಮೊದಲು ಅಳಲಿಲ್ಲ. ಅವನ ಕೈ ಹಿಡಿದುಕೊಂಡು ಅಂಗೈ ತಿರುಗಿಸಿ ನೋಡಿದೆ.

“ಅಕ್ಕಾರ, ಅಂಗೈ ಯಾಕ ಹಿಂಗ ಕರ್ರಗ ಆಗೈತ್ರಿ?”

“ಗ್ರೀಸ್ ಇರ್ಬೇಕಮ್ಮ. ಮೋಟರ್ ಮುಟ್ಟಿದ್ನಲ್ಲ.”

ನೀನು ಸೆರಗಿನ ತುದಿಯಿಂದ ಒರೆಸಿದೆ. ಹೋಗಲಿಲ್ಲ. ಎಂಜಲು ಹಚ್ಚಿ ಮತ್ತೆ ಒರೆಸಿದೆ. ಸುಟ್ಟ ಚರ್ಮ ಒರೆಸಿದರೆ ಹೋಗುತ್ತದೆಯೇ? ನಾನು ನಿನ್ನ ಭುಜದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದೆ. ನನ್ನ ಜೀವನದಲ್ಲಿ ಅದಕ್ಕಿಂತ ಹೀನವಾದ ಕೆಲಸ ಮಾಡಿಲ್ಲ ಎಂದುಕೊಂಡರೆ, ಇಲ್ಲ, ಅರ್ಧ ಗಂಟೆಯ ನಂತರ ಅದಕ್ಕಿಂತ ಹೀನವಾದದ್ದನ್ನೂ ಮಾಡಿದೆ.

ನಿನ್ನ ಮೈದುನ ಬಂದಿದ್ದ. ಪೊಲೀಸಿಗೆ ತಿಳಿಸೋಣ, ಶವಪರೀಕ್ಷೆ ಆಗಲಿ ಎಂದು ಮೆಲ್ಲಗೆ ಅಂದ. ನಿಮ್ಮ ಕಡೆ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆಂದು ನನಗೆ ಗೊತ್ತಿತ್ತು — ನೀನೇ ಒಮ್ಮೆ ನಿನ್ನ ಮಾವನ ವಿಷಯ ಹೇಳುತ್ತಾ ತಿಳಿಸಿದ್ದೆ. ಅದನ್ನೇ ಹಿಡಿದುಕೊಂಡೆ.

“ಕೊಯ್ದು ಹೊಲಿದು ಕೊಡ್ತಾರಮ್ಮ. ಅಂಥ ದೇಹಾನ ಹೇಗೆ ಕೂರಿಸ್ತೀರಾ?”

ಆಗ ನೀನು ಅತ್ತೆ. ಬೇಡವೇ ಬೇಡ ಎಂದೆ. ಮೈದುನನೂ ಆ ಮಾತು ಕೈಬಿಟ್ಟ. ನಾನು ಒಳಗೆ ಹೋಗಿ ಹಾಳೆ ತಂದು ದುಂಡಗಿನ ಅಕ್ಷರದಲ್ಲಿ ನಿನ್ನ ಹೆಸರಿನಲ್ಲಿ ಬರೆದೆ: ‘ನನ್ನ ಗಂಡನ ಸಾವಿನ ಬಗ್ಗೆ ನನಗೆ ಯಾರ ಮೇಲೂ ಅನುಮಾನವಿಲ್ಲ, ಶವಪರೀಕ್ಷೆ ಬೇಡ.’ ನಿನಗೆ ಓದಲು ಬಾರದೆಂದು ಗೊತ್ತಿದ್ದೂ ಓದಿ ಹೇಳಲಿಲ್ಲ. ನೀನು ಕೇಳಲೂ ಇಲ್ಲ, ಅಕ್ಕಾರು ಬರೆದದ್ದಲ್ಲವೇ! ತೋರಿಸಿದ ಕಡೆ ಸಹಿ ಹಾಕಿದೆ.

ಹದಿನೈದು ದಿನ ಬಿಟ್ಟು ಊರಿಂದ ಬಂದಾಗ ನೀನು ಒಂದು ಮಾತು ಕೇಳಿದ್ದೆ, ನೆನಪಿದೆಯೇ? “ಕೆಲಸದ ಮ್ಯಾಗ ಇದ್ದಾಗ ಹೋದ್ರಲ್ರೀ, ಕಾಯ್ದೆದಾಗ ಏನರ ದಾರಿ ಐತೇನ್ರೀ?” ಯಾರನ್ನೂ ವಿಚಾರಿಸದೆ, ಏನೂ ತಿಳಿಯದೆ, ತಿಳಿದವಳ ಹಾಗೆ ಹೇಳಿದೆ: “ಎದೆನೋವಿಗೆ ಯಾವ ಕಾಯ್ದೆನಮ್ಮ? ಕೋರ್ಟು ಕಚೇರಿ ಅಂತ ಅಲೀಬೇಡ.”

ನೀನು ಅಲೆಯಲಿಲ್ಲ. ಬಿ.ಟಿ.ಎಂ. ಬಡಾವಣೆಯ ಒಂದು ಪಿ.ಜಿ. ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದೆ. ಒಂಬತ್ತನೇ ತರಗತಿಯಲ್ಲಿದ್ದ ನಿನ್ನ ಮಗಳು ಸಾವಿತ್ರಿ ಶಾಲೆ ಬಿಟ್ಟು ಅದೇ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸಲು ನಿಂತಳು. ನಾನು ಟೀಚರ್! ಇಷ್ಟಾದರೂ ಪ್ರತಿ ಸಂಕ್ರಾಂತಿಗೆ ನೀನು ಸಜ್ಜೆ ರೊಟ್ಟಿ ಕಟ್ಟಿಕೊಂಡು ನನ್ನ ಮನೆಗೆ ಬರುತ್ತಿದ್ದೆ. “ಅವತ್ತು ನೀವು ಇದ್ರಿ ಅಂತ ಆತ್ರೀ ಅಕ್ಕಾರ” ಎಂದು ಕಾಲು ಮುಟ್ಟುತ್ತಿದ್ದೆ. ಆ ರೊಟ್ಟಿಯನ್ನು ನಾನು ತಿನ್ನುತ್ತಿದ್ದೆ. ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಇಳಿಯುತ್ತಿತ್ತು.

ಹೋದ ವರ್ಷ ಇಲ್ಲೇ ಶ್ರೀನಗರದಲ್ಲಿರುವ ನನ್ನ ತಂಗಿಯ ಗಂಡ ರಸ್ತೆ ದಾಟುವಾಗ ಕಾರು ಗುದ್ದಿ ತೀರಿಕೊಂಡರು. ಆಸ್ಪತ್ರೆಯಲ್ಲಿ ತಂಗಿ ನನ್ನ ಕೈ ಹಿಡಿದು, “ಕೊಯ್ಯೋದು ಬೇಡ ಕಣೇ ಅಕ್ಕ, ಹಾಗೇ ಕೊಡೋಕೆ ಹೇಳೇ” ಎಂದು ಗೋಗರೆದಳು. “ಸುಮ್ನಿರು. ಅದು ಆಗ್ಲೇಬೇಕು, ನಾಳೆ ನಿಂಗೆ ಅದೇ ಆಧಾರ” ಎಂದೆ. ಬಾಯಿಂದ ಮಾತು ಬಂದ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟೆ. ನನಗೆ ಎಲ್ಲ ಗೊತ್ತಿತ್ತು. ಅವತ್ತೂ ಗೊತ್ತಿತ್ತು. ನನ್ನ ತಂಗಿಗೆ ಬೇಕಾದ ಆಧಾರ ನಿನಗೆ ಸಿಗದ ಹಾಗೆ ನೋಡಿಕೊಂಡಿದ್ದೆ, ಅಷ್ಟೇ.

ತಂಗಿಯ ಕೇಸಿಗೆಂದು ಕಾನೂನು ನೆರವಿನ ಕಚೇರಿಗೆ ಓಡಾಡುವಾಗ ಒಬ್ಬ ಲಾಯರ್ ಹೆಣ್ಣುಮಗಳ ಪರಿಚಯವಾಯಿತು. ಒಂದು ದಿನ, ಗೊತ್ತಿರುವವರ ಮನೆಯ ವಿಷಯ ಎಂದು ಸುಳ್ಳು ಹೇಳಿ ನಿನ್ನ ಕಥೆ ಕೇಳಿದೆ. ಆಕೆ ಸಮಾಧಾನವಾಗಿ ಹೇಳಿದಳು. ಕೆಲಸ ಮಾಡುವಾಗ ಆ ಕೆಲಸದಿಂದಲೇ ಸತ್ತರೆ, ಮಾಲೀಕರ ತಪ್ಪೆಂದು ಸಾಬೀತು ಮಾಡದೆಯೂ ಪರಿಹಾರ ಕೇಳುವ ಕಾಯ್ದೆಯೇ ಇದೆಯಂತೆ. ನಿರ್ಲಕ್ಷ್ಯದಿಂದ ಜೀವ ತೆಗೆದವರ ಮೇಲೆ ಪೊಲೀಸ್ ದೂರು ಬೇರೆ ದಾರಿ, ಸಿವಿಲ್ ಕೋರ್ಟಿನ ದಾವೆ ಇನ್ನೊಂದು. ಹೆಂಗಸರಿಗೆ ಲಾಯರನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದಂತೆ. ಇಷ್ಟೊಂದು ಬಾಗಿಲುಗಳಿದ್ದವು ನೀಲವ್ವ. ನೀನು ಕೇಳಿದ್ದು ಒಂದೇ ಒಂದನ್ನು.

“ಈಗ ಕಾಲ ಮೀರಿದೆ ಮೇಡಂ” ಎಂದಳು ಆಕೆ. “ಆದ್ರೆ ತಡ ಯಾಕಾಯ್ತು ಅನ್ನೋದಕ್ಕೆ ಸರಿಯಾದ ಕಾರಣ ತೋರಿಸಿದ್ರೆ ತಡಾನ ಮನ್ನಿಸಿ ಅಂತ ಕೇಳ್ಬಹುದು. ಗ್ಯಾರಂಟಿ ಕೊಡಲ್ಲ. ಆ ಹೆಂಗಸಿನ ಹತ್ರ ಪೇಪರ್ ಒಂದೂ ಇಲ್ಲ. ಮುಚ್ಚಿಟ್ಟೋರೇ ಬಂದು ಬಾಯಿ ಬಿಡ್ಬೇಕು.”

“ಬಿಟ್ರೆ ಅವ್ರಿಗೇನಾಗುತ್ತೆ?” ಎಂದು ಕೇಳಿದೆ.

ಆಕೆ ನನ್ನ ಮುಖವನ್ನೇ ನೋಡಿದಳು. “ಅದು ನಿಮ್ಮ ಗೊತ್ತಿರೋರು ಯೋಚಿಸ್ಬೇಕು ಮೇಡಂ.”

ಯೋಚಿಸಲು ಹತ್ತಿರ ಹತ್ತಿರ ಒಂದು ವರ್ಷ ತೆಗೆದುಕೊಂಡೆ. ಈ ಸಂಕ್ರಾಂತಿಗೂ ನೀನು ರೊಟ್ಟಿ ತಂದೆ. ಈ ಸಲ ತಿನ್ನಲಿಲ್ಲ.

ನಾಳೆ ಹತ್ತು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಆ ಭಾರವನ್ನೂ ನಿನ್ನ ತಲೆಗೆ ಕಟ್ಟುವ ಹಕ್ಕು ನನಗಿಲ್ಲ. ಈ ಕಾಗದವನ್ನು ಸಾವಿತ್ರಿಗೆ ಕೊಡುತ್ತೇನೆ. ಅವಳು ಜೋರಾಗಿ, ಒಂದು ಸಾಲೂ ಬಿಡದೆ ನಿನಗೆ ಓದಿ ಹೇಳಲಿ. ಆಮೇಲೆ ನೀನು ನನ್ನ ಕೆನ್ನೆಗೆ ಹೊಡೆಯಬಹುದು, ಬಾಗಿಲು ಹಾಕಿಕೊಳ್ಳಬಹುದು. ದೂರು ಕೊಡುತ್ತೇನೆ ಎಂದರೆ ಆ ಲಾಯರ್ ಬಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಪೊಲೀಸರ ಮುಂದೆ, ಕೋರ್ಟಿನಲ್ಲಿ, ಎಲ್ಲಿ ಕೇಳಿದರೂ ಇದನ್ನೇ ಹೇಳುತ್ತೇನೆ.

ಅದೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದೇನೆ, ನೀಲವ್ವ. ಯಾರ ಮೇಲೆ ಅನುಮಾನ ಎಂಬಲ್ಲಿ ನನ್ನ ಹೆಸರಿದೆ. ಈ ಸಲ ನೀನು ಎಲ್ಲಿಯೂ ಸಹಿ ಹಾಕಬೇಕಾಗಿಲ್ಲ. ಕೆಳಗೆ ನಾನು ಹಾಕಿದ್ದೇನೆ.